ಮಾಣಿಗೂ ವಯಸ್ಸಾಗುತ್ತದೆ: ಡೌನ್ ಸಿಂಡ್ರೋಮ್ ಮತ್ತು ಮರೆವಿನ ಕಾಯಿಲೆ

ಶಿರಸಿ ಹತ್ತಿರದ ನಮ್ಮ ಊರಲ್ಲಿ ದೊಡ್ಡಾಯಿಯ ಮಗನನ್ನು ಎಲ್ಲರೂ ಮಾಣಿ ಎಂದೇ ಕರೆಯುತ್ತಾರೆ. ಮಾಣಿಗೆ ಈಗ 49 ವರ್ಷ. ತಲೆ ಅರ್ಧ ಬೆಳ್ಳಗಾಗಿದೆ. ಹವ್ಯಕರ ಮನೆಗಳಲ್ಲಿ ಹುಡುಗರಿಗೆ ಮಾಣಿ ಅನ್ನುವುದು ರೂಢಿ. ಉಳಿದವರಿಗೆ ಮದುವೆ, ಮಕ್ಕಳು ಆಗುತ್ತಿದ್ದಂತೆ ಆ ಹೆಸರು ತಾನಾಗಿಯೇ ಕಳಚಿ ಹೋಗುತ್ತದೆ. ಇವನಿಗೆ ಹೋಗಲಿಲ್ಲ. ಇವನಿಗೆ ಡೌನ್ ಸಿಂಡ್ರೋಮ್ ಇದೆ. ಹುಟ್ಟಿನಿಂದಲೇ ಇರುವ, ಬುದ್ಧಿಯ ಬೆಳವಣಿಗೆ ನಿಧಾನವಾಗುವ ಸ್ಥಿತಿ ಅದು.

ಅಡಿಕೆ ಆರಿಸುವುದರಲ್ಲಿ ಮಾಣಿಯದು ಎತ್ತಿದ ಕೈ. ಸುಲಿದ ಅಡಿಕೆಯನ್ನು ಜಗಲಿಯಲ್ಲಿ ಸುರಿದರೆ ಮೂರು ರಾಶಿ ಮಾಡುತ್ತಿದ್ದ. ಚಾಲಿ ಒಂದು ಕಡೆ, ಬಿಳೆಗೋಟು ಒಂದು ಕಡೆ, ಕೆಂಪುಗೋಟು ಇನ್ನೊಂದು ಕಡೆ. ಹತ್ತರ ಮೇಲೆ ಎಣಿಸಲು ಬಾರದು, ಆದರೆ ಕಣ್ಣು ತಪ್ಪುತ್ತಿರಲಿಲ್ಲ. ಮೂರು ವರ್ಷದ ಹಿಂದೆ ರಾಶಿ ಎರಡೇ ಆಗತೊಡಗಿತು. ಚಾಲಿಯಲ್ಲಿ ಬಿಳೆಗೋಟು ಸೇರಿಕೊಳ್ಳುತ್ತಿತ್ತು. 'ಸೋಮಾರಿ ಬಿದ್ದಿದ್ದಾನೆ' ಎಂದು ಮನೆಯವರು ಗೊಣಗಿದರು. ಸ್ನಾನಕ್ಕೆ ಹೋದವನು ಬಚ್ಚಲಲ್ಲಿ ತಂಬಿಗೆ ಹಿಡಿದು ಸುಮ್ನೆ ನಿಂತಿರುತ್ತಿದ್ದ. ನೆಂಟರು ಬಂದರೆ ಓಡಿ ಹೋಗಿ ಚೀಲ ಇಸಿದುಕೊಳ್ಳುತ್ತಿದ್ದವನು ಕುಳಿತಲ್ಲಿಂದ ಏಳುತ್ತಿರಲಿಲ್ಲ. ಡಾಕ್ಟರ್ ಒಬ್ಬರಿಗೆ ತೋರಿಸಿದಾಗ 'ಇಂಥವರು ಹೀಗೇ ಅಲ್ವಾ' ಎಂದು ಟಾನಿಕ್ ಬರೆದುಕೊಟ್ಟರು. ದೊಡ್ಡಾಯಿಯೂ ಅದೇ ಹೇಳುತ್ತಿದ್ದಳು: "ಅಂವ ಮೊದ್ಲಿಂದ್ಲೂ ಹಂಗೇಯ."

ಮೊದಲಿನಿಂದಲೂ ಹಾಗೆ ಇರಲಿಲ್ಲವಲ್ಲ! ಮೂರು ರಾಶಿ ಮಾಡುತ್ತಿದ್ದವನು ಎರಡಕ್ಕೆ ಇಳಿದಿದ್ದ. ಅದು ಡೌನ್ ಸಿಂಡ್ರೋಮ್ ಅಲ್ಲ. ಡೌನ್ ಸಿಂಡ್ರೋಮ್ ಹುಟ್ಟಿದಾಗಿನಿಂದ ಇತ್ತು. ಇದು ಹೊಸದು.

'ಅರವತ್ತಕ್ಕೆ ಅರಳುಮರಳು' ಅನ್ನುವ ಗಾದೆ ನಮ್ಮಲ್ಲಿದೆ. ವಯಸ್ಸಾದ ಎಲ್ಲರಿಗೂ ಅರಳುಮರಳು ಬರುವುದಿಲ್ಲ, ಹಾಗಾಗಿ ಗಾದೆಯೇ ಪೂರ್ತಿ ಸರಿಯಲ್ಲ. ಆದರೆ ಡೌನ್ ಸಿಂಡ್ರೋಮ್ ಇರುವವರ ವಿಷಯದಲ್ಲಿ ಅದು ಬೇರೆ ರೀತಿಯಲ್ಲಿ ತಪ್ಪಾಗುತ್ತದೆ. ಅವರಿಗೆ ಅರವತ್ತರವರೆಗೆ ಕಾಯಬೇಕಾಗಿಲ್ಲ. ಸರಾಸರಿ 53, 54ರ ಹೊತ್ತಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಗುರುತಾಗುತ್ತದೆ. ಹೆಚ್ಚು ವರ್ಷ ಬದುಕಿದವರನ್ನು ಲೆಕ್ಕ ಹಾಕಿದರೆ, ನೂರರಲ್ಲಿ 90ಕ್ಕೂ ಜಾಸ್ತಿ ಜನರಿಗೆ ಒಂದಲ್ಲ ಒಂದು ದಿನ ಅದು ಬರುತ್ತದೆ. ಡಿಮೆನ್ಷಿಯಾ ತರುವ ಕಾಯಿಲೆಗಳು ಹಲವು, ಇವರಲ್ಲಿ ಬಹುತೇಕ ಅದು ಅಲ್‌ಝೈಮರ್ ಕಾಯಿಲೆಯೇ.

ಇದು ಇಷ್ಟು ದಿನ ನಮ್ಮ ಕಣ್ಣಿಗೆ ಯಾಕೆ ಬೀಳಲಿಲ್ಲ ಎಂದರೆ, ಇಂಥ ಮಕ್ಕಳು ಅಷ್ಟು ವರ್ಷ ಬದುಕುತ್ತಲೇ ಇರಲಿಲ್ಲ. ಹುಟ್ಟುವಾಗ ಸುಮಾರು ಅರ್ಧದಷ್ಟು ಮಕ್ಕಳಿಗೆ ಹೃದಯದಲ್ಲಿ ತೊಂದರೆ ಇರುತ್ತದೆ. ಮೇಲಿಂದ ಮೇಲೆ ನ್ಯುಮೋನಿಯಾ ಬೇರೆ. 1929ರ ಸುಮಾರಿಗೆ ಬ್ರಿಟನ್ನಿನಲ್ಲಿ ಇವರ ಸರಾಸರಿ ಆಯಸ್ಸು ಒಂಬತ್ತು ವರ್ಷ. 1983ರಲ್ಲೂ ಅಮೆರಿಕದಲ್ಲಿ ಅದು 25ರ ಆಸುಪಾಸು. ಆಂಟಿಬಯಾಟಿಕ್ ಬಂತು, ಮಕ್ಕಳ ಹೃದಯದ ಆಪರೇಷನ್ ಬಂತು, ಈಗ ಅನುಕೂಲ ಇರುವ ದೇಶಗಳಲ್ಲಿ ಅರವತ್ತರ ಹತ್ತಿರ ಬಂದಿದೆ. ಅಂದರೆ ಡೌನ್ ಸಿಂಡ್ರೋಮ್ ಇರುವವರು ದೊಡ್ಡ ಸಂಖ್ಯೆಯಲ್ಲಿ ಮುದುಕರಾಗುತ್ತಿರುವುದು ಇದೇ ಮೊದಲು. ಅವರ ಮುಪ್ಪನ್ನು ನೋಡಿಕೊಳ್ಳುವುದು ಹೇಗೆ ಅಂತ ಕೇಳಲು ಊರಲ್ಲಿ ಹಿಂದಿನ ಅನುಭವ ಇರುವವರೇ ಇಲ್ಲ.

ಇನ್ನು ಕಾರಣಕ್ಕೆ ಬರೋಣ. ನಮ್ಮೆಲ್ಲರ ಜೀವಕೋಶಗಳಲ್ಲಿ 23 ಜೊತೆ ಕ್ರೋಮೋಸೋಮ್, ಅಂದರೆ ವರ್ಣತಂತು, ಇರುತ್ತವೆ. ಡೌನ್ ಸಿಂಡ್ರೋಮ್ ಇರುವವರಲ್ಲಿ 21ನೆಯ ಕ್ರೋಮೋಸೋಮ್ ಎರಡರ ಬದಲು ಮೂರು ಇರುತ್ತವೆ. ಇದು 1959ರಲ್ಲೇ ಪ್ಯಾರಿಸ್ಸಿನಲ್ಲಿ ಗೊತ್ತಾಗಿತ್ತು. ಆದರೆ ಒಂದು ಕ್ರೋಮೋಸೋಮ್ ಜಾಸ್ತಿ ಇದ್ದರೆ ಐವತ್ತರ ವಯಸ್ಸಿಗೆ ಮರೆವು ಯಾಕೆ ಬರಬೇಕು? ಇದನ್ನು ಕಂಡುಹಿಡಿದ ಕಥೆ ನನಗೆ ಪತ್ತೇದಾರಿ ಕಥೆಗಿಂತ ರುಚಿಯಾಗಿ ಕಾಣುತ್ತದೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1984ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜಾರ್ಜ್ ಗ್ಲೆನ್ನರ್ ಎಂಬ ವಿಜ್ಞಾನಿ, ಕೇನ್ ವಾಂಗ್ ಜೊತೆ ಸೇರಿ, ಅಲ್‌ಝೈಮರ್‌ನಿಂದ ಸತ್ತವರ ಮಿದುಳಿನ ರಕ್ತನಾಳಗಳಲ್ಲಿ ಅಂಟಿಕೊಂಡಿದ್ದ ಒಂದು ಪ್ರೋಟೀನನ್ನು ಬೇರ್ಪಡಿಸಿದರು. ಅದೇ ಅಮಿಲಾಯ್ಡ್. ಆಮೇಲೆ ಡೌನ್ ಸಿಂಡ್ರೋಮ್ ಇದ್ದವರ ಮಿದುಳನ್ನೂ ತೆಗೆದುಕೊಂಡು ನೋಡಿದರು. ಅಲ್ಲಿಯೂ ಅದೇ ಪ್ರೋಟೀನ್! ಹಾಗಾದರೆ ಅಲ್‌ಝೈಮರ್‌ಗೆ ಕಾರಣವಾಗುವ ಜೀನ್ (ವಂಶವಾಹಿ) 21ನೆಯ ಕ್ರೋಮೋಸೋಮಿನಲ್ಲೇ ಇರಬೇಕು ಎಂದು ಅವರು ಊಹಿಸಿದರು. ಮೂರು ವರ್ಷಕ್ಕೆ, 1987ರಲ್ಲಿ, ಆ ಪ್ರೋಟೀನಿನ ಮೂಲ ಜೀನ್ ಸಿಕ್ಕಿತು. ಹೆಸರು ಎಪಿಪಿ. ಜಾಗ 21ನೆಯ ಕ್ರೋಮೋಸೋಮ್. ಗ್ಲೆನ್ನರ್ 1995ರಲ್ಲಿ ತೀರಿಕೊಂಡದ್ದು ಹೃದಯದಲ್ಲಿ ಬೇರೊಂದು ಬಗೆಯ ಅಮಿಲಾಯ್ಡ್ ತುಂಬಿಕೊಂಡು. ಬದುಕಿಡೀ ಬೆನ್ನು ಹತ್ತಿದ್ದು ಕೊನೆಗೆ ಅವರ ಬೆನ್ನನ್ನೇ ಹತ್ತಿತು.

ಜಾಗ ಸಿಕ್ಕಿದ ಮಾತ್ರಕ್ಕೆ ಸಾಕ್ಷಿ ಆಗುವುದಿಲ್ಲ. 21ನೆಯ ಕ್ರೋಮೋಸೋಮಿನಲ್ಲಿ 200ಕ್ಕೂ ಹೆಚ್ಚು ಜೀನ್‌ಗಳಿವೆ. ಅದರಲ್ಲಿ ಎಪಿಪಿಯೇ ಕಳ್ಳ ಅಂತ ಹೇಳುವುದು ಹೇಗೆ? ಎರಡು ಸಾಕ್ಷಿ ಸಿಕ್ಕವು. ಮೊದಲನೆಯದು 1998ರಲ್ಲಿ ಬ್ರಿಟನ್ನಿನಿಂದ ವರದಿಯಾದ 78 ವರ್ಷದ ಮಹಿಳೆಯದು. ಆಕೆಗೆ ಡೌನ್ ಸಿಂಡ್ರೋಮ್ ಇತ್ತು. ಆದರೆ ಮೂರನೆಯ ಕ್ರೋಮೋಸೋಮ್ ಪೂರ್ತಿ ಇರಲಿಲ್ಲ, ಒಂದು ತುಂಡು ಮಾತ್ರ ಇತ್ತು. ಆ ತುಂಡಿನಲ್ಲಿ ಎಪಿಪಿ ಜೀನ್ ಇರಲಿಲ್ಲ. ಆಕೆಗೆ ಡಿಮೆನ್ಷಿಯಾ ಬರಲಿಲ್ಲ, ಸತ್ತ ಮೇಲೆ ಮಿದುಳಲ್ಲಿ ಅಲ್‌ಝೈಮರ್ ಕಾಣಲೂ ಇಲ್ಲ. ಎರಡನೆಯದು ಇದಕ್ಕೆ ಸರಿಯಾಗಿ ಉಲ್ಟಾ. 2006ರಲ್ಲಿ ಫ್ರಾನ್ಸಿನ ಕೆಲವು ಕುಟುಂಬಗಳಲ್ಲಿ ಎಪಿಪಿ ಇರುವ ಸಣ್ಣ ಭಾಗ ಮಾತ್ರ ಜಾಸ್ತಿ ಇರುವುದು ಪತ್ತೆಯಾಯಿತು. ಅವರಿಗೆ ಡೌನ್ ಸಿಂಡ್ರೋಮ್ ಇರಲಿಲ್ಲ. ಆದರೆ ಚಿಕ್ಕ ವಯಸ್ಸಿಗೇ ಅಲ್‌ಝೈಮರ್ ಬಂದಿತ್ತು. ಡೌನ್ ಇದ್ದು ಎಪಿಪಿ ಜಾಸ್ತಿ ಇಲ್ಲದಿದ್ದರೆ ಕಾಯಿಲೆ ಇಲ್ಲ, ಎಪಿಪಿ ಜಾಸ್ತಿ ಇದ್ದರೆ ಡೌನ್ ಇಲ್ಲದೆಯೂ ಕಾಯಿಲೆ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಮಿದುಳಲ್ಲಿ ಏನಾಗುತ್ತದೆ ಎನ್ನುವುದನ್ನು ತೋಟ ಇರುವವರಿಗೆ ಹೇಳುವುದು ಸುಲಭ. ಅಡಿಕೆ ತೋಟದ ಬಸಿಗಾಲುವೆ ನೋಡಿ. ಪ್ರತಿ ಮಳೆಗಾಲ ಹೂಳು ಬರುತ್ತದೆ. ಬಂದಷ್ಟು ತೆಗೆಯುತ್ತಿದ್ದರೆ ತೋಟಕ್ಕೆ ತೊಂದರೆ ಇಲ್ಲ. ಅಮಿಲಾಯ್ಡ್ ಕೂಡ ಎಲ್ಲರ ಮಿದುಳಲ್ಲೂ ದಿನಾ ಹುಟ್ಟುತ್ತದೆ, ಮಿದುಳು ದಿನಾ ತೊಳೆದು ಹಾಕುತ್ತದೆ. ಎಪಿಪಿ ಜೀನ್ ಎರಡಿರುವ ಕಡೆ ಮೂರಿದ್ದರೆ ಹೂಳು ಸುಮಾರು ಒಂದೂವರೆ ಪಟ್ಟು ಬರುತ್ತದೆ. ತೆಗೆಯುವ ಆಳು ಅಷ್ಟೇ. ವರ್ಷ ವರ್ಷ ಸ್ವಲ್ಪ ಸ್ವಲ್ಪ ಉಳಿಯುತ್ತದೆ. ಕಾಲುವೆ ತುಂಬಿ ನೀರು ನಿಂತರೂ ಮರ ಕೂಡಲೇ ಏನೂ ತೋರಿಸುವುದಿಲ್ಲ. ಸುಳಿ ಮುದುಡಿ ಹಿಡಿಮುಂಡಿಗೆ ರೋಗ ಕಾಣಿಸುವ ಹೊತ್ತಿಗೆ ಬೇರಿನ ಬುಡದಲ್ಲಿ ಬಹಳ ಕಾಲದಿಂದ ನೀರು ನಿಂತಿರುತ್ತದೆ. ಮಿದುಳಲ್ಲೂ ಹಾಗೆಯೇ. ಅಮಿಲಾಯ್ಡ್ ತುಂಬಿದ ಮೇಲೆ ಟೌ ಎನ್ನುವ ಇನ್ನೊಂದು ಪ್ರೋಟೀನ್ ನರಕೋಶಗಳ ಒಳಗೇ ಗಂಟು ಕಟ್ಟುತ್ತದೆ. ಕೋಶಗಳು ಸಾಯುವುದು ಆಮೇಲೆ.

ಹಾಗಾಗಿ ಎರಡು ಮಾತನ್ನು ಬೇರೆ ಬೇರೆ ಇಟ್ಟುಕೊಳ್ಳಬೇಕು. ಡೌನ್ ಸಿಂಡ್ರೋಮ್ ಇರುವ ಹೆಚ್ಚುಕಡಿಮೆ ಎಲ್ಲರ ಮಿದುಳಲ್ಲೂ 40ರ ಹೊತ್ತಿಗೆ ಅಲ್‌ಝೈಮರ್‌ನ ಗುರುತು ಇರುತ್ತದೆ. ಆದರೆ 40ಕ್ಕೇ ಎಲ್ಲರಿಗೂ ಡಿಮೆನ್ಷಿಯಾ ಬಂದಿರುವುದಿಲ್ಲ. ನಡುವೆ ಹತ್ತು ಹದಿನೈದು ವರ್ಷದ ಅಂತರ ಇರುತ್ತದೆ. ಸ್ಪೇನಿನ ಬಾರ್ಸಿಲೋನಾ ಮತ್ತು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಡೌನ್ ಸಿಂಡ್ರೋಮ್ ಇರುವ 388 ಜನರನ್ನು ಪರೀಕ್ಷಿಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ರಕ್ತ, ಬೆನ್ನುಹುರಿಯ ದ್ರವ, ಮಿದುಳಿನ ಸ್ಕ್ಯಾನ್ ಎಲ್ಲ ಒಟ್ಟಿಗೆ ನೋಡಿದ್ದರು. ನರಕೋಶ ಸವೆಯುವುದರ ಸುಳಿವು ರಕ್ತದಲ್ಲಿ 30ರ ವಯಸ್ಸಿನ ಆಚೀಚೆಯೇ ಕಾಣಿಸಿತ್ತು. ಲಕ್ಷಣದ ಮೊದಲ ಹಂತ ಗುರುತಾದದ್ದು ಸುಮಾರು 50ಕ್ಕೆ. ಇಪ್ಪತ್ತು ವರ್ಷ ಸದ್ದಿಲ್ಲದೆ ನಡೆಯುವ ಕೆಲಸ ಇದು.

ಹದಿಹರೆಯದಲ್ಲಿ ಅಥವಾ ಇಪ್ಪತ್ತರಲ್ಲಿ ಇದ್ದಕ್ಕಿದ್ದಂತೆ ಮಾತು ನಿಂತು, ಊಟ ಬಿಟ್ಟು, ಮಂಕಾದರೆ ಅದು ಅಲ್‌ಝೈಮರ್ ಅಲ್ಲ. ಅದು ಬೇರೆಯೇ ತೊಂದರೆ, ಅದಕ್ಕೆ ಬೇರೆ ಚಿಕಿತ್ಸೆ ಇದೆ. ಇದನ್ನು ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಈ ಲೇಖನ ಓದಿ ಯಾರಾದರೂ ಸುಮ್ನೆ ಹೆದರಿಯಾರು.

ಇನ್ನು ಮನೆಯಲ್ಲಿ ಗುರುತಿಸುವ ವಿಷಯ. ಸಾಮಾನ್ಯವಾಗಿ ಡಾಕ್ಟರು ಡಿಮೆನ್ಷಿಯಾ ಪರೀಕ್ಷೆಗೆ ಏನು ಕೇಳುತ್ತಾರೆ? ಇವತ್ತು ಯಾವ ವಾರ, ನೂರರಿಂದ ಏಳು ಕಳೆಯಿರಿ, ಗಡಿಯಾರದ ಚಿತ್ರ ಬರೆಯಿರಿ. ಮಾಣಿಗೆ ಇದು 20ರಲ್ಲೂ ಬರುತ್ತಿರಲಿಲ್ಲ. ಆ ಪರೀಕ್ಷೆಯಲ್ಲಿ ಅವನು ಯಾವತ್ತೂ ಫೇಲೇ. ಅವನನ್ನು ಬೇರೆಯವರ ಜೊತೆ ಹೋಲಿಸಿ ಪ್ರಯೋಜನ ಇಲ್ಲ. ಹೋಲಿಸಬೇಕಾದದ್ದು ಐದು ವರ್ಷದ ಹಿಂದಿನ ಮಾಣಿಯ ಜೊತೆ. ಆ ಮಾಣಿಯ ಲೆಕ್ಕ ಯಾವ ಆಸ್ಪತ್ರೆಯ ಫೈಲಿನಲ್ಲೂ ಇರುವುದಿಲ್ಲ. ಇರುವುದು ದೊಡ್ಡಾಯಿಯ ತಲೆಯಲ್ಲಿ. ದೊಡ್ಡಾಯಿಗೆ ಈಗ 76.

ಇದಕ್ಕೇ ತಜ್ಞರು ಹೇಳುವುದು, 35 ದಾಟುವುದರೊಳಗೆ ಚೆನ್ನಾಗಿರುವಾಗಲೇ ಒಂದು ದಾಖಲೆ ಮಾಡಿಟ್ಟುಕೊಳ್ಳಿ ಎಂದು. 40 ಆದ ಮೇಲೆ ವರ್ಷಕ್ಕೊಮ್ಮೆ ನೋಡಬೇಕು. ಎನ್‌ಟಿಜಿ-ಇಡಿಎಸ್‌ಡಿ ಎಂಬ ಪ್ರಶ್ನಾವಳಿ ಇದೆ, ಇಂಟರ್ನೆಟ್ಟಿನಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಅದನ್ನು ತುಂಬಲು ಡಾಕ್ಟರೇ ಬೇಕಾಗಿಲ್ಲ. ಜೊತೆಗಿರುವ ಅಕ್ಕ, ಅಣ್ಣ, ಅತ್ತಿಗೆ ತುಂಬಬಹುದು. ಅದು ಕಾಯಿಲೆ ಇದೆ ಅಂತ ತೀರ್ಪು ಕೊಡುವುದಿಲ್ಲ. ಏನು ಬದಲಾಗಿದೆ ಎಂದು ಡಾಕ್ಟರ ಮುಂದೆ ಇಡಲು ಆಗುತ್ತದೆ.

ಪ್ರಶ್ನಾವಳಿ ತಲೆನೋವು ಎನಿಸಿದರೆ ಮೊಬೈಲ್ ಇದೆಯಲ್ಲ. ನಾವು ಈಗ ಪ್ರತಿ ದೊಡ್ಡಹಬ್ಬಕ್ಕೆ, ಅಂದರೆ ದೀಪಾವಳಿಗೆ, ಮಾಣಿಯ ವಿಡಿಯೋ ಮಾಡುತ್ತೇವೆ. ಪಂಚೆ ಉಡುವುದು, ತೆಳ್ಳೇವು ತಿನ್ನುವುದು, ಅಡಿಕೆ ಆರಿಸುವುದು, ಮದುವೆಯ ಫೋಟೋ ನೋಡಿ ಯಾರು ಯಾರೆಂದು ಹೇಳುವುದು. ಪ್ರತಿ ವರ್ಷ ಅದೇ ನಾಲ್ಕು ಕೆಲಸ, ಅದೇ ಫೋಟೋ. ಹತ್ತು ನಿಮಿಷ ಸಾಕು. ಇದನ್ನು ಅವನಿಗೆ 35 ಆದಾಗಲೇ ಶುರು ಮಾಡಿದ್ದರೆ ಎಂದು ಈಗ ಅನಿಸುತ್ತದೆ.

ಇನ್ನೊಂದು ಮಾತು. ಮೊದಲು ಕಾಣುವುದು ಮರೆವೇ ಆಗಿರಬೇಕೆಂದಿಲ್ಲ. ಇವರಲ್ಲಿ ಬಹಳ ಸಲ ಸ್ವಭಾವ ಮೊದಲು ಬದಲಾಗುತ್ತದೆ. ಉತ್ಸಾಹ ಹೋಗುತ್ತದೆ, ಹಟ ಜಾಸ್ತಿಯಾಗುತ್ತದೆ, ಕೆಲಸ ನಿಧಾನವಾಗುತ್ತದೆ, ಮೆಟ್ಟಿಲ ಹತ್ತಿರ ಅಳುಕುತ್ತಾರೆ. ಬೈದರೆ ಸರಿಹೋಗುತ್ತದೆ ಎಂದುಕೊಂಡು ನಾವು ಬೈಯುತ್ತೇವೆ.

ಹಾಗಂತ ಮಂಕಾದದ್ದೆಲ್ಲ ಡಿಮೆನ್ಷಿಯಾ ಅಲ್ಲ. ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ. ಡೌನ್ ಸಿಂಡ್ರೋಮ್ ಇರುವವರಿಗೆ ಥೈರಾಯ್ಡ್ ಕಡಿಮೆಯಾಗುವುದು ತುಂಬಾ ಸಾಮಾನ್ಯ. ಥೈರಾಯ್ಡ್ ಇಳಿದರೆ ಮನುಷ್ಯ ಮಂಕಾಗುತ್ತಾನೆ, ದಪ್ಪಗಾಗುತ್ತಾನೆ, ಮಾತು ಕಡಿಮೆಯಾಗುತ್ತದೆ. ಒಂದು ರಕ್ತಪರೀಕ್ಷೆ, ದಿನಕ್ಕೊಂದು ಮಾತ್ರೆಯಲ್ಲಿ ಹೋಗುವ ತೊಂದರೆ ಅದು. ಇವರ ಕಿವಿಯ ದಾರಿ ಸಣ್ಣದು, ಕುಗ್ಗೆ ಗಟ್ಟಿಯಾಗಿ ಕೇಳದೇ ಹೋಗುತ್ತದೆ. ಕೇಳದವನು ಉತ್ತರ ಕೊಡದಿದ್ದರೆ ನಾವು ಮರೆತ ಎನ್ನುತ್ತೇವೆ. ಕಣ್ಣಿನ ಪೊರೆ ಬೇಗ ಬರುತ್ತದೆ. ರಾತ್ರಿ ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುವವರು ಬಹಳ. ನಿದ್ದೆಯಾಗದೆ ಹಗಲು ತೂಗುತ್ತಾರೆ. ನಮ್ಮಂಥ ಸಸ್ಯಾಹಾರದ ಮನೆಗಳಲ್ಲಿ ಬಿ12 ವಿಟಮಿನ್ ಕೊರತೆಯನ್ನೂ ನೋಡಬೇಕು. ನಡಿಗೆ ಕೆಟ್ಟು, ಕೈಯ ಹಿಡಿತ ಹೋಗಿದ್ದರೆ ಕುತ್ತಿಗೆಯ ಮೇಲಿನ ಮೂಳೆ ಸರಿದಿದೆಯೇ ಎಂದು ನೋಡಿಸಬೇಕು. ಇವರಲ್ಲಿ ಅಲ್ಲಿನ ಕಟ್ಟು ಸಡಿಲ.

ದುಃಖ ಅನ್ನುವುದೂ ಒಂದು. ಮಾಣಿ ಮಂಕಾಗತೊಡಗಿದ್ದು ದೊಡ್ಡಪ್ಪ ತೀರಿಕೊಂಡ ವರ್ಷವೇ. ಹದಿಮೂರು ದಿನ ಅವನನ್ನು ಪಕ್ಕದ ಮನೆಯಲ್ಲಿ ಇಟ್ಟಿದ್ದೆವು, ಗೊಂದಲ ಆಗದಿರಲಿ ಅಂತ. ಅವನ ಮಟ್ಟಿಗೆ ಒಂದು ದಿನ ಅಪ್ಪ ಇದ್ದ, ಇನ್ನೊಂದು ದಿನ ಇಲ್ಲ. ಇವನಿಗೇನು ಗೊತ್ತಾಗುತ್ತದೆ ಎಂದು ನಾವು ಅಂದುಕೊಂಡದ್ದು ದೊಡ್ಡ ತಪ್ಪು.

ಕೊನೆಗೆ ಅವನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ಶಿರಸಿಯಿಂದ ನೂರು ಕಿಲೋಮೀಟರ್. ನಮ್ಮ ಜಿಲ್ಲೆಯವರ ಪಾಡು ಗೊತ್ತಲ್ಲ. ಕಾರವಾರದವರು ಗೋವಾಕ್ಕೆ, ಭಟ್ಕಳ ಹೊನ್ನಾವರದವರು ಮಣಿಪಾಲ ಮಂಗಳೂರಿಗೆ, ಘಟ್ಟದ ಮೇಲಿನವರು ಹುಬ್ಬಳ್ಳಿಗೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜಿಲ್ಲೆ ಎಷ್ಟು ವರ್ಷ ಕೂಗಿದೆ! ಆದರೆ ಮೇಲೆ ಹೇಳಿದ ಪರೀಕ್ಷೆಗಳಲ್ಲಿ ಥೈರಾಯ್ಡ್, ಬಿ12, ಕಿವಿ, ಕಣ್ಣು ಇಷ್ಟಕ್ಕೆ ದೂರ ಹೋಗಬೇಕಾಗಿರಲಿಲ್ಲ, ಶಿರಸಿಯಲ್ಲೇ ಆಗುತ್ತಿತ್ತು. ಕೇಳಬೇಕು ಅಂತ ನಮಗೆ ಗೊತ್ತಿರಲಿಲ್ಲ, ಅಷ್ಟೆ. ಮಾಣಿಯ ಥೈರಾಯ್ಡ್ ಕೆಳಗಿಳಿದಿತ್ತು, ಎರಡೂ ಕಿವಿ ಕಟ್ಟಿತ್ತು. ಮಾತ್ರೆ ಶುರುವಾಗಿ ನಾಲ್ಕು ತಿಂಗಳಿಗೆ ಅವನು ಮತ್ತೆ ಚೀಲ ಇಸಿದುಕೊಳ್ಳಲು ಎದ್ದ. ಎಲ್ಲ ಸರಿಹೋಯಿತು ಎಂದು ಹಿಗ್ಗಿದೆವು. ಒಂದು ವರ್ಷ ಕಳೆದ ಮೇಲೆ ಮತ್ತೆ ಜಾರತೊಡಗಿದ. ಈ ಸಲ ಥೈರಾಯ್ಡ್ ಸರಿಯಾಗಿಯೇ ಇತ್ತು.

ಔಷಧಿ ಇದೆಯೇ? ಕಾಯಿಲೆಯನ್ನು ನಿಲ್ಲಿಸುವುದು ಇಲ್ಲ. ಅಲ್‌ಝೈಮರ್‌ಗೆ ಕೊಡುವ ಮೆಮಾಂಟೀನ್ ಮಾತ್ರೆಯನ್ನು ಬ್ರಿಟನ್ ಮತ್ತು ನಾರ್ವೆಯಲ್ಲಿ ಡೌನ್ ಸಿಂಡ್ರೋಮ್ ಇರುವ, 40 ದಾಟಿದ 173 ಜನರ ಮೇಲೆ ಒಂದು ವರ್ಷ ಪರೀಕ್ಷಿಸಿದ್ದರು. 2012ರಲ್ಲಿ ಫಲಿತಾಂಶ ಬಂತು, ಉಪಯೋಗ ಕಾಣಲಿಲ್ಲ. ಇತ್ತೀಚೆಗೆ ಅಮಿಲಾಯ್ಡನ್ನೇ ಮಿದುಳಿನಿಂದ ತೊಳೆಯುವ ಇಂಜೆಕ್ಷನ್‌ಗಳು ಬಂದಿವೆ, ಲೆಕನೆಮ್ಯಾಬ್ ಮತ್ತು ಡೊನನೆಮ್ಯಾಬ್. ಅಮೆರಿಕದಲ್ಲಿ 2023 ಮತ್ತು 2024ರಲ್ಲಿ ಇವುಗಳಿಗೆ ಪೂರ್ಣ ಒಪ್ಪಿಗೆ ಸಿಕ್ಕಿತು. ಒಪ್ಪಿಗೆಗೆ ಆಧಾರವಾದ ದೊಡ್ಡ ಪ್ರಯೋಗಗಳಲ್ಲಿ ಡೌನ್ ಸಿಂಡ್ರೋಮ್ ಇರುವವರು ಇರಲಿಲ್ಲ. ಈ ಇಂಜೆಕ್ಷನ್‌ಗಳಿಂದ ಕೆಲವರಿಗೆ ಮಿದುಳಲ್ಲಿ ಊತ, ರಕ್ತಸ್ರಾವ ಆಗುತ್ತದೆ. ಇವರ ರಕ್ತನಾಳದ ಗೋಡೆಗಳಲ್ಲೇ ಅಮಿಲಾಯ್ಡ್ ಜಾಸ್ತಿ ಇರುವುದರಿಂದ ಆ ಅಪಾಯ ಇನ್ನೂ ಹೆಚ್ಚಿರಬಹುದು. ಅದಕ್ಕೇ ಇವರಿಗಾಗಿ ಪ್ರತ್ಯೇಕ ಪ್ರಯೋಗ ಬೇಕಾಗುತ್ತದೆ. ಆ ಕೆಲಸ ಈಗ ಶುರುವಾಗಿದೆ. ನನಗೆ ಇದರಲ್ಲಿ ಒಂದು ಅನ್ಯಾಯ ಕಾಣುತ್ತದೆ. ಅಮಿಲಾಯ್ಡ್ ಜೀನ್ ಎಲ್ಲಿದೆ ಎಂದು ದಾರಿ ತೋರಿಸಿದ್ದು ಇವರ ಮಿದುಳು. ಆ ದಾರಿಯಲ್ಲಿ ಬಂದ ಔಷಧಿಯ ಸಾಲಿನಲ್ಲಿ ಇವರು ಕೊನೆಗೆ.

ಬ್ರಿಟನ್ನಿನ ಒಂದು ಅಧ್ಯಯನದಲ್ಲಿ, ಡಿಮೆನ್ಷಿಯಾ ಗುರುತಾದ ಮೇಲೆ ಅರ್ಧದಷ್ಟು ಜನ ಬದುಕಿದ್ದು ನಾಲ್ಕು ವರ್ಷಕ್ಕಿಂತ ಸ್ವಲ್ಪ ಕಡಿಮೆ. ಹಾಗಾಗಿ ಕಾಗದಪತ್ರದ ಕೆಲಸ ಮುಂದೂಡಬೇಡಿ. ಮಗನಿಗೆ 18 ಆದ ಮೇಲೆ ಕಾನೂನಿನ ಪ್ರಕಾರ ತಾಯಿ ತಾನಾಗಿಯೇ ಪಾಲಕಿ ಆಗಿರುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಯ ಸಮಿತಿಗೆ ಅರ್ಜಿ ಹಾಕಿ ಪಾಲಕತ್ವ ತೆಗೆದುಕೊಳ್ಳಬೇಕು. ನಮ್ಮವರಿಗೆ ಅದು ಕಾರವಾರದಲ್ಲಿ. ಅದೇ ಟ್ರಸ್ಟಿನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷದವರೆಗೆ ಖರ್ಚು ಸಿಗುತ್ತದೆ.

ಮನೆಯಲ್ಲಿ ಸಣ್ಣ ಸಣ್ಣ ಬದಲಾವಣೆ ಕೆಲಸಕ್ಕೆ ಬರುತ್ತವೆ. ನಮ್ಮದು ಹಳೇ ಮನೆ, ಜಗಲಿಯದು ಕೆಂಪು ನೆಲ, ಒಳಗೆ ನುಣುಪಾದ ಕಪ್ಪು ಗಾವಿ ನೆಲ. ಮಾಣಿ ಹೊಸ್ತಿಲ ಹತ್ತಿರ ಬಂದು ಕಾಲೆತ್ತಲು ಹೆದರಿ ನಿಲ್ಲುತ್ತಿದ್ದ. ಹಟ ಎಂದುಕೊಂಡಿದ್ದೆವು. ಡಿಮೆನ್ಷಿಯಾದಲ್ಲಿ ಆಳ ಅಳೆಯುವ ಕಣ್ಣಿನ ಶಕ್ತಿ ತಪ್ಪುತ್ತದೆ, ಕಪ್ಪು ನೆಲ ಹೊಂಡದಂತೆ ಕಾಣುತ್ತದೆ. ಅಲ್ಲೊಂದು ತಿಳಿ ಬಣ್ಣದ ಚಾಪೆ ಹಾಸಿ ಲೈಟ್ ಹಾಕಿದೆವು. ಈಗ ದಾಟುತ್ತಾನೆ.

ಕಳೆದ ಮಳೆಗಾಲದಲ್ಲಿ ಇನ್ನೊಂದು ಶುರುವಾಯಿತು. ಬೆಳಿಗ್ಗೆ ತಿಂಡಿ ತಿನ್ನುವಾಗ ಕೈಯಿಂದ ಲೋಟ ಜಾರಿ ಬೀಳುತ್ತಿತ್ತು. ದೊಡ್ಡಾಯಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ, ಅರ್ಧ ಲೀಟರ್, ಒಂದು ಲೀಟರ್ ಎಂಬುದರ ನಡುವೆ, 'ಲೋಟ ಬಿತ್ತು' ಎಂದು ಬರೆದಿಟ್ಟಿದ್ದಳು. ಹುಬ್ಬಳ್ಳಿಯ ಡಾಕ್ಟರಿಗೆ ಆ ಹಾಳೆ ಹರಿದುಕೊಂಡು ಹೋಗಿ ತೋರಿಸಿದೆವು. ಒಂದು ತಿಂಗಳಲ್ಲಿ ಒಂಬತ್ತು ಸಲ, ಎಲ್ಲ ಬೆಳಿಗ್ಗೆ ಎದ್ದ ಸ್ವಲ್ಪ ಹೊತ್ತಿಗೆ. ಅವರು ಕೂಡಲೇ ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆ ನೋಡುವ ಪರೀಕ್ಷೆ, ಮಾಡಿಸಿದರು. ಅದು ಕೈ ಜಾರಿದ್ದಲ್ಲ, ಕೈ ಕುಲುಕಿದ್ದು. ಡೌನ್ ಸಿಂಡ್ರೋಮ್ ಜೊತೆ ಅಲ್‌ಝೈಮರ್ ಬಂದವರಲ್ಲಿ ಈ ಥರದ ಫಿಟ್ಸ್ ಹೊಸದಾಗಿ ಕಾಣಿಸಿಕೊಳ್ಳುವುದು ಬಹಳ ಸಾಮಾನ್ಯ. ಮಾತ್ರೆ ಕೊಟ್ಟರು. ಹಾಳೆಯನ್ನು ಫೈಲಿಗೆ ಪಿನ್ ಮಾಡಿ ಇಟ್ಟುಕೊಂಡರು. ಆ ತಿಂಗಳ ಹಾಲಿನ ಲೆಕ್ಕಕ್ಕೆ ದೊಡ್ಡಾಯಿ ಹಾಲಿನವನ ಹತ್ತಿರವೇ ಕೇಳಬೇಕಾಯಿತು.